ಬಿಡ್ಡಿ ಅತ್ತೆಯ ಬರಹದ ಹೆಸರು

ಇಶ್ಮಾಯೇಲ್ ಹೋದ ಮೇಲೆ ಆ ಮನೆಯಲ್ಲಿ ಕತೆ ಹೇಳುವವರು ಯಾರೂ ಉಳಿಯಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರು ಓಕ್ ಮರದ ಕೆಳಗೆ ಕುಳಿತು ಬೇಯಿಸಿದ ಏಡಿ ಬಿಡಿಸಿಕೊಂಡು ತಿನ್ನುವಾಗ, ಅವನು ಬೆರಳು ನೆಕ್ಕಿ, ಎಲ್ಲರ ಮುಖವನ್ನೂ ಒಮ್ಮೆ ನೋಡಿ, "ನಮ್ಮನೆ ಆಮೆ ಹೊಳೆಗಿಳಿದ ಕತೆ ಕೇಳಿದೀರೇನ್ರಪ್ಪ?" ಎಂದು ಶುರು ಮಾಡುತ್ತಿದ್ದ. ಕೇಳದವರು ಕಡಲಂಚಿನ ಆ ಪುಟ್ಟ ದ್ವೀಪದಲ್ಲಿ ಒಬ್ಬರೂ ಇರಲಿಲ್ಲ. ಆದರೂ ಎಲ್ಲರೂ ಇಲ್ಲವೆಂದು ತಲೆಯಾಡಿಸುತ್ತಿದ್ದರು.

ಆಮೆ ಎಂದರೆ ಅವನ ಹೆಂಡತಿ ಕೂಟಾ. ಅವರ ಹಿರಿಯರ ಮಾತಿನಲ್ಲಿ ಕೂಟಾ ಎಂದರೆ ಆಮೆಯೇ. ಮಗುವಾಗಿದ್ದಾಗ ನಡೆಯುವುದನ್ನು ತೀರ ತಡವಾಗಿ ಕಲಿತಳೆಂದು ತಾಯಿ ಕರೆದ ಹೆಸರು ಅದು. ಕತೆಯೂ ದೊಡ್ಡದೇನಲ್ಲ. ಕೂಟಾಗೆ ಆರು ವರ್ಷ. ಅವಳ ತಂದೆಯ ತಂಗಿ ಬಿಡ್ಡಿಗೆ ಅಂದು, ಕಡಲ ನೀರು ಏರಿ ಇಳಿಯುವ ಉಪ್ಪುಹೊಳೆಯಲ್ಲಿ ದೀಕ್ಷಾಸ್ನಾನ. ಇಳಿಯುವ ನೀರು ಪಾಪವನ್ನು ಕಡಲಿಗೆ ಒಯ್ಯುತ್ತದೆಂದು ಸಮುದ್ರ ಇಳಿಯುವ ಹೊತ್ತಿಗೇ ಸ್ನಾನ ಮಾಡಿಸುವುದು ಅಲ್ಲಿನ ಪದ್ಧತಿ. ಮೈತುಂಬ ಬಿಳಿ ಉಟ್ಟಿದ್ದ ಬಿಡ್ಡಿ ತನ್ನ ಹೊಸ ಬಿಳಿಯ ಕಾಲುಜೋಡನ್ನು ಬಿಚ್ಚಿ, "ನೆಲಕ್ಕೆ ಇಡಬೇಡ, ಕೆಸರಾಗುತ್ತೆ" ಎಂದು ಕೂಟಾಳ ಕೈಗೆ ಕೊಟ್ಟು ನೀರಿಗಿಳಿದಳು. ಬೋಧಕರು ಸೊಂಟಮಟ್ಟ ನೀರಿನಲ್ಲಿ ನಿಂತು ಕೈಯೆತ್ತಿದರು. ಅಷ್ಟರಲ್ಲಿ ದಡದಲ್ಲಿದ್ದ ಈ ಪುಟ್ಟ ಆಮೆ ಜೋಡನ್ನು ಎದೆಗವಚಿಕೊಂಡು, ಯಾರ ಮುಖವನ್ನೂ ನೋಡದೆ, ನೆಟ್ಟಗೆ ಹೊಳೆಯೊಳಕ್ಕೆ ನಡೆದುಬಿಟ್ಟಿತು. ಇಶ್ಮಾಯೇಲ್ ಅಲ್ಲಿ ಕತೆ ನಿಲ್ಲಿಸಿ, ಕುತ್ತಿಗೆಯನ್ನು ಭುಜದೊಳಗೆ ಎಳೆದುಕೊಂಡು, ಮೆಲ್ಲಗೆ ಹೊರಗೆ ಚಾಚಿ, "ನೀರು ಕಂಡ ಆಮೆ ದಡದಲ್ಲಿ ನಿಲ್ಲುತ್ತೇನ್ರಪ್ಪ?" ಎನ್ನುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. "ಸಾಕು ಸುಮ್ನಿರಿ" ಎಂದು ಕೂಟಾ ಅಡುಗೆಮನೆಗೆ ಎದ್ದು ಹೋಗುತ್ತಿದ್ದಳು. ಅದೂ ಕತೆಯ ಭಾಗವೇ ಆಗಿಹೋಗಿತ್ತು.

ನಿಜ ಹೇಳಬೇಕೆಂದರೆ ಇಶ್ಮಾಯೇಲ್ ಅದನ್ನು ಕಣ್ಣಾರೆ ಕಂಡವನಲ್ಲ. ಅವನು ಪಕ್ಕದ ದ್ವೀಪದವನು, ಮದುವೆಯಾಗಿ ಬಂದವನು. ಕೂಟಾಳ ತಾಯಿಯಿಂದ ಕೇಳಿದ್ದನ್ನು ಹೇಳಿ ಹೇಳಿ ತನ್ನದು ಮಾಡಿಕೊಂಡಿದ್ದ. ಕೂಟಾಗೂ ಆ ದಿನ ಎಂದರೆ ಗಂಡ ಹೇಳಿದಷ್ಟೇ ನೆನಪು. ತಾನು ಕಂಡದ್ದೆಷ್ಟು, ಅವನು ಕಟ್ಟಿದ್ದೆಷ್ಟು ಎಂದು ಅವಳು ಎಂದೂ ಬೇರೆ ಮಾಡಿ ನೋಡಿರಲಿಲ್ಲ.

ಅವನನ್ನು ಫೆಬ್ರವರಿಯಲ್ಲಿ ಮಣ್ಣು ಮಾಡಿದರು. ಹೊಳೆಯ ಅಂಚಿನಲ್ಲಿ, ಕೂಟಾಳ ಅಜ್ಜ ಅಜ್ಜಿ, ತಂದೆ ತಾಯಿ ಮಲಗಿರುವ ಓಕ್ ಮರಗಳ ನಡುವೆ. ಅವನು ಕೊನೆಯದಾಗಿ ಕಾಫಿ ಕುಡಿದ ಬಟ್ಟಲನ್ನೂ ಕನ್ನಡಕವನ್ನೂ ಪದ್ಧತಿಯಂತೆ ಸಮಾಧಿಯ ಮೇಲಿಟ್ಟರು. ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟರು. ಅದು ಯಾರಿಗೆಂದು ಯಾರೂ ಹೇಳಬೇಕಾಗಿರಲಿಲ್ಲ.

ಅದೇ ದಿನ ಊಟದ ಹೊತ್ತಿಗೆ ರೇನಾರ್ಡ್ ಮಾತು ತೆಗೆದ. ರೇನಾರ್ಡ್ ಎಂದರೆ ಕೂಟಾಳ ತೀರಿಹೋದ ಅಣ್ಣನ ಮಗ, ಜಾಕ್ಸನ್‌ವಿಲ್‌ನಲ್ಲಿ ಇರುವವನು. ಕಡಲ ದಂಡೆಯಲ್ಲಿ ಹೋಟೆಲು ಕಟ್ಟುವ ಒಂದು ಕಂಪನಿಯವರು ಅವನ ಬೆನ್ನು ಬಿದ್ದಿದ್ದರು. ಅಜ್ಜನ ಜಮೀನಿನಲ್ಲಿ ನಿನಗೂ ಪಾಲಿದೆ, ಅದನ್ನು ನಮಗೆ ಮಾರು ಎಂದು ವಾರಕ್ಕೊಮ್ಮೆ ಫೋನು. ಅವನಿಗೆ ಮಾರುವ ಮನಸ್ಸಿರಲಿಲ್ಲ. ಆದರೆ ಹೆಂಡತಿಗೆ ಕಾಯಿಲೆ, ಕೈ ಬಿಗಿ. "ಅತ್ತೆ, ನಾನು ಒಬ್ಬ ಎಷ್ಟು ದಿನ ಬೇಡ ಬೇಡ ಅಂತಿರ್ಲಿ? ಈ ವರ್ಷ ಮುಗಿಯೋದ್ರೊಳಗೆ ಎಲ್ಲರನ್ನೂ ಕೂಡಿಸಿ ಜಮೀನಿಗೊಂದು ಬಂದೋಬಸ್ತು ಮಾಡಿ. ಮೊದಲ ಸಹಿ ನಂದೇ. ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ನಾನು ಕೊಟ್ಬಿಡ್ತೀನಿ" ಎಂದ.

ಕೂಟಾಗೆ ಅರ್ಥವಾಗಲಿಲ್ಲ. ಒಬ್ಬನ ಪಾಲು ಹೋದರೆ ಹೋಯಿತು, ಉಳಿದದ್ದು ಉಳಿಯುತ್ತದಲ್ಲ ಎಂದುಕೊಂಡಳು. ಆ ದ್ವೀಪದ ಹಳಬರೆಲ್ಲರ ನಂಬಿಕೆ ಅದೇ. ಅಜ್ಜ ಬೇರೆಯವರ ಹತ್ತಿ ಹೊಲದಲ್ಲಿ ದುಡಿದು ಆ ನೆಲ ಕೊಂಡಿದ್ದ. ಅವನು ಉಯಿಲು ಬರೆಯಲಿಲ್ಲ, ಅವನ ಮಗನೂ ಬರೆಯಲಿಲ್ಲ. ಕೋರ್ಟಿನ ಮೆಟ್ಟಿಲು ಹತ್ತಿದ ತಮ್ಮಂಥ ಕರಿಯರು ಇದ್ದದ್ದನ್ನು ಅಲ್ಲೇ ಬಿಟ್ಟು ಬಂದದ್ದನ್ನು ಅವರು ಕಂಡಿದ್ದರು. ಬರೆದಿಟ್ಟರೆ ತಾನೆ ಇನ್ನೊಬ್ಬರು ತಿದ್ದುವುದು; ಭಾಗ ಮಾಡಿದರೆ ತಾನೆ ಒಬ್ಬೊಬ್ಬರಾಗಿ ಮಾರುವುದು; ಎಲ್ಲರದ್ದೂ ಆಗಿರಲಿ, ಆಗ ಯಾರೂ ಕಸಿಯಲಾರರು ಎಂದು ಹೇಳಿಕೊಂಡು ಬಂದಿದ್ದರು. ಉಯಿಲು ಬರೆಯುವುದೆಂದರೆ ಸಾವಿಗೆ ಕುರ್ಚಿ ಹಾಕಿ ಕೂರಿಸಿದ ಹಾಗೆ ಎಂದು ಇಶ್ಮಾಯೇಲ್ ಕೂಡ ಆ ಮಾತು ಎತ್ತಲು ಬಿಟ್ಟವನಲ್ಲ.

ಪಾದ್ರಿಗಳು ಹೇಳಿ ಚಾರ್ಲ್ಸ್‌ಟನ್‌ನಿಂದ ಒಬ್ಬ ವಕೀಲೆಯನ್ನು ಕರೆಸಿದರು. ವರ್ಡೆಲ್ ಎಂದು ಹೆಸರು, ಅವರದೇ ಜನದ ಹುಡುಗಿ, ಇಂಥ ಜಮೀನುಗಳ ಕೆಲಸವನ್ನೇ ಮಾಡುವವಳು. ಕೂಟಾಳ ಅಡುಗೆಮನೆಯ ಮೇಜಿನ ಮುಂದೆ ಕುಳಿತು, ಬೆಂಡೆಕಾಯಿ ಸಾರನ್ನು ಎರಡು ಸಲ ಹಾಕಿಸಿಕೊಂಡು ಉಂಡು, ಆಮೇಲೆ ನಿಧಾನವಾಗಿ ಹೇಳಿದಳು. ಕೂಟಾ ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಸೌಟನ್ನು ಕೆಳಗಿಡುವುದನ್ನೇ ಮರೆತಳು. ಪಾಲು ಮಾಡದ ಜಮೀನಿನಲ್ಲಿ ಯಾರೊಬ್ಬರ ಪಾಲನ್ನು ಹೊರಗಿನವರು ಕೊಂಡರೂ ಅವರೂ ಒಬ್ಬ ಪಾಲುದಾರರಾಗುತ್ತಾರೆ. ಪಾಲುದಾರರಾದವರು ಕೋರ್ಟಿಗೆ ಹೋಗಿ ಇಡೀ ಜಮೀನನ್ನೇ ಮಾರಿ ಹಣ ಹಂಚಿರೆಂದು ಕೇಳಬಹುದು. ಮನೆ, ಹೊಲ, ಹೊಳೆಯ ದಡ, ಸಮಾಧಿಗಳ ನೆಲ, ಎಲ್ಲ. ಅಂದರೆ ಹಿರಿಯರು ಬಾಗಿಲು ಭದ್ರ ಮಾಡಿದೆವೆಂದುಕೊಂಡು ಅಗುಳಿಯನ್ನು ಹೊರಗಡೆಗೆ ಹಾಕಿದ್ದರು.

"ಉಪಾಯ ಇದೆ" ಎಂದಳು ವರ್ಡೆಲ್. "ಎಲ್ಲ ವಾರಸುದಾರರೂ ಸೇರಿ ಜಮೀನನ್ನು ಒಂದು ಟ್ರಸ್ಟಿಗೆ ಸೇರಿಸಬೇಕು. ಆಮೇಲೆ ಒಬ್ಬರೇ ಮಾರೋಕ್ಕಾಗಲ್ಲ. ಇರೋರು ಇರಬಹುದು, ಬೆಳೆಯೋರು ಬೆಳೀಬಹುದು, ಮಣ್ಣಾಗೋರು ಇಲ್ಲೇ ಮಣ್ಣಾಗಬಹುದು. ಆದ್ರೆ ಒಬ್ಬರೂ ಬಿಟ್ಟುಹೋಗಬಾರದು. ಮೊದಲು ನಿಮ್ಮ ಹೆಸರು ಹೇಳಿ, ಕೂಟಾ ಅಮ್ಮ. ಬರಹದ ಹೆಸರು."

ಆ ದ್ವೀಪದಲ್ಲಿ ಒಬ್ಬೊಬ್ಬರಿಗೂ ಎರಡು ಹೆಸರು. ತಾಯಿ ಹೊಲಕ್ಕೆ ಹೋಗುವಾಗ ಮಗುವನ್ನು ಹುಲ್ಲಿನ ಬುಟ್ಟಿಯಲ್ಲಿ ಮಲಗಿಸಿ ಕರೆಯುವ ಬುಟ್ಟಿ ಹೆಸರು ಒಂದು. ಹುಟ್ಟಿದಂದಿನಿಂದ ಸಾಯುವವರೆಗೂ ಬಾಯಲ್ಲಿರುವುದು ಅದೇ. ಇನ್ನೊಂದು ಬರಹದ ಹೆಸರು. ಶಾಲೆಗೆ, ಸರ್ಕಾರಕ್ಕೆ, ದೇವರ ಮುಂದೆ. ಅದನ್ನು ಸುಮ್ಮಸುಮ್ಮನೆ ಕೂಗಬಾರದು. ಸಾವು ಬಾಗಿಲಿಗೆ ಬಂದರೆ ಬರಹದ ಹೆಸರಿಂದಲೇ ಕರೆಯುತ್ತದೆ, ಅದನ್ನು ಗಾಳಿಗೆ ಕಲಿಸಬಾರದು ಎಂದು ಹಿರಿಯರು ಹೇಳುತ್ತಿದ್ದರು. ಕೂಟಾ ಕಿಟಕಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಥಿಯೋಡೋಶಾ" ಎಂದಳು.

"ಚೆನ್ನಾಗಿದೆ."

"ಚೆನ್ನಾಗಿದ್ರೇನು, ಯಾರೂ ಕರೆಯೋರಿಲ್ಲ" ಎಂದ ಅವಳ ತಮ್ಮ ಡ್ಯಾಂಡಿ. ಅವನ ಮನೆ ಅದೇ ಜಮೀನಿನ ಆಚೆ ಕೊನೆಯಲ್ಲಿ. ಎಪ್ಪತ್ತು ದಾಟಿದರೂ ಬೀಸುಬಲೆ ಎಸೆದು ಸೀಗಡಿ ಹಿಡಿಯುವವನು. ತಂದೆ ತೀರಿದಂದಿನಿಂದ ಜಮೀನಿನ ತೆರಿಗೆ ಕಟ್ಟುತ್ತ ಬಂದವನೂ ಅವನೇ.

ವರ್ಡೆಲ್ ವಂಶವೃಕ್ಷ ಬರೆಯತೊಡಗಿದಳು. ಅಜ್ಜನಿಗೆ ಇಬ್ಬರೇ ಮಕ್ಕಳು. ಹಿರಿಯವನು ಕೂಟಾಳ ತಂದೆ. ಅವನ ಅರ್ಧ ಪಾಲು ಕೂಟಾ, ಡ್ಯಾಂಡಿ, ರೇನಾರ್ಡ್ ಮೂವರಿಗೆ. ಇನ್ನರ್ಧ ಅಜ್ಜನ ಮುಪ್ಪಿನ ಮಗಳಿಗೆ.

"ಯಾರು, ಬಿಡ್ಡಿ ಅತ್ತೇಗಾ?" ಡ್ಯಾಂಡಿ ಕುರ್ಚಿಯಿಂದ ಎದ್ದೇಬಿಟ್ಟ. "ನಾನು ತೊಟ್ಟಿಲಲ್ಲಿರೋವಾಗಲೇ ರೈಲು ಹತ್ತಿ ಹೋದವಳು ಅವಳು. ತೆರಿಗೆ ಕಟ್ಟಿದೋನು ನಾನು. ಬೇಲಿ ಹಾಕಿದೋನು ನಾನು."

ತೆರಿಗೆ ಕಟ್ಟಿದ್ದಕ್ಕೆ ದೇವರು ಒಳ್ಳೇದು ಮಾಡಲಿ, ಆದರೆ ಅದರಿಂದ ಜಮೀನು ನಿಮ್ಮದಾಗುವುದಿಲ್ಲ ಎಂದು ವರ್ಡೆಲ್ ಮೆದುವಾಗಿಯೇ ಹೇಳಿದಳು. ಬಿಡ್ಡಿ ಬದುಕಿದ್ದರೆ ಅವಳ ಸಹಿ, ಇಲ್ಲದಿದ್ದರೆ ಅವಳ ಮಕ್ಕಳದ್ದು ಬೇಕು. ಹುಡುಕುವುದಕ್ಕೆ ಅವಳ ಬರಹದ ಹೆಸರು ಬೇಕು.

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬಿಡ್ಡಿ ಎಂದರೆ ಕೋಳಿಮರಿ. ಅಜ್ಜಿಗೆ ಮುಪ್ಪಿನಲ್ಲಿ ಹುಟ್ಟಿ, ಅಂಗೈ ಅಗಲವಿದ್ದ ಕೂಸು. ಕೂಟಾಗೆ ಏಳು ತುಂಬುವ ಹೊತ್ತಿಗೆ ಆಕೆ ಉತ್ತರಕ್ಕೆ ಹೋದಳು, ಫಿಲಡೆಲ್ಫಿಯಾ ಎಂದೋ ನ್ಯೂಯಾರ್ಕ್ ಎಂದೋ. ಮೊದಮೊದಲು ಕ್ರಿಸ್‌ಮಸ್ಸಿಗೆ ಉಡುಗೊರೆ ಬರುತ್ತಿತ್ತು, ಆಮೇಲೆ ಅದೂ ನಿಂತಿತು. ಮನೆಯಲ್ಲಿ ಅವಳ ಮಾತು ಬಂದರೆ ಅಜ್ಜಿ ಅಳುತ್ತಿದ್ದಳೆಂದು ಯಾರೂ ಮಾತೆತ್ತುತ್ತಿರಲಿಲ್ಲ. ಅವಳ ಬರಹದ ಹೆಸರು ಬಲ್ಲವರೆಲ್ಲ ಈಗ ಓಕ್ ಮರಗಳ ಕೆಳಗಿದ್ದರು.

"ಹೆಸರೇ ಇಲ್ಲ ಅಂದ್ಮೇಲೆ ಆಳೂ ಇಲ್ಲ" ಎಂದ ಡ್ಯಾಂಡಿ. "ಮಕ್ಕಳಿಲ್ಲದೆ ಸತ್ತಳು ಅಂತ ನಾವಿಬ್ಬರೂ ಆಣೆ ಮಾಡಿ ಹೇಳೋಣ. ಯಾರು ಎದ್ದು ಬರ್ತಾರೆ?"

ವರ್ಡೆಲ್ ಪೆನ್ನಿನ ಮುಚ್ಚಳ ಹಾಕಿದಳು. "ಆ ಮಾತು ನನ್ನ ಕಿವಿಗೆ ಬೀಳಲಿಲ್ಲ ಮಿಸ್ಟರ್ ಡ್ಯಾಂಡಿ. ಬಿದ್ರೆ ನಾನು ಈ ಕೆಲಸ ಬಿಡಬೇಕಾಗುತ್ತೆ" ಎಂದು ಎದ್ದಳು. ಹೋಗುವ ಮುಂಚೆ ಉಳಿದ ಸಾರನ್ನು ಡಬ್ಬಿಗೆ ಹಾಕಿಸಿಕೊಂಡಳು.

ಅಂದಿನಿಂದ ಕೂಟಾ ಹೆಸರು ಹುಡುಕಲು ಹೊರಟಳು. ದ್ವೀಪದ ಹಳೆಯ ಚರ್ಚು ಬಿರುಗಾಳಿಗೆ ಬಿದ್ದಾಗ ಅದರ ಪುಸ್ತಕಗಳೂ ನೀರುಪಾಲಾಗಿದ್ದವು. ಶಾಲೆ ಮುಚ್ಚಿ ಹೋಗಿತ್ತು. ಸೂಲಗಿತ್ತಿಯರ ಕೈಯಲ್ಲಿ ಹುಟ್ಟಿದ ಆ ಕಾಲದ ಮಕ್ಕಳನ್ನು ಎಲ್ಲೂ ಬರೆಸಿರಲಿಲ್ಲ. ಊರಿಗೆಲ್ಲ ಹಿರಿಯಳಾದ, ತೊಂಬತ್ತು ದಾಟಿದ ಒಬ್ಬ ಅಜ್ಜಿ ಪಟ್ಟಣದ ವೃದ್ಧಾಲಯದಲ್ಲಿದ್ದಳು. ಬಿಡ್ಡಿ ಎಂದ ಕೂಡಲೇ ಅವಳ ಮುಖ ಅರಳಿತು. ಪ್ರಾರ್ಥನಾ ಮನೆಯಲ್ಲಿ ಚಪ್ಪಾಳೆ ತಟ್ಟಿ ಹಾಡುತ್ತ ಸುತ್ತುವಾಗ ಬಿಡ್ಡಿಯಷ್ಟು ಹಗುರವಾಗಿ ಕಾಲಾಡಿಸಿದವರೇ ಇಲ್ಲ, ನೆಲದ ಹಲಗೆಗೂ ನೋವಾಗುತ್ತಿರಲಿಲ್ಲ ಎಂದಳು. ಹದಿನೇಳಾಗುವವರೆಗೂ ದೀಕ್ಷೆ ತೆಗೆದುಕೊಳ್ಳಲಿಲ್ಲ, ಕೊನೆಗೆ ದೇವರೇ ಬೇಸತ್ತು ನೀರಿಗೆ ಕರೆದ ಎಂದು ನಕ್ಕಳು. ಬರಹದ ಹೆಸರು ಕೇಳಿದರೆ, "ಬಿಡ್ಡಿ ಕಣೇ. ಬಿಡ್ಡಿ ಅಂದ್ರೆ ಬಿಡ್ಡಿ" ಎಂದಳು. ಕೂಟಾ ಅವಳ ಕೈ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದು ಬಂದಳು. ಹೆಸರು ಸಿಗಲಿಲ್ಲವಾದರೂ, ಅತ್ತೆಯ ಕಾಲ ಸಪ್ಪಳ ಕಿವಿಯಲ್ಲಿ ಉಳಿಯಿತು.

ಸಂಜೆಯ ಹೊತ್ತು ಅವಳು ಇಶ್ಮಾಯೇಲನ ಬಳಿ ಹೋಗಿ ಕೂರುವಳು. ಬಟ್ಟಲಿನಲ್ಲಿ ತುಂಬಿದ ಎಲೆ ತೆಗೆದು, ಕನ್ನಡಕವನ್ನು ಸೆರಗಿನಂತೆ ಹೊದ್ದ ಶಾಲಿನ ತುದಿಯಲ್ಲಿ ಒರೆಸುವಳು. ಪಕ್ಕದ ಖಾಲಿ ಜಾಗದಲ್ಲಿ ಹುಲ್ಲು ಬೆಳೆದಿತ್ತು. ಅವಳಿಗೆ ಮನೆಯ ಚಿಂತೆಯೂ ಇರಲಿಲ್ಲ, ಹೊಲದ ಚಿಂತೆಯೂ ಅಷ್ಟಿರಲಿಲ್ಲ. ಹೋಟೆಲಿನವರು ಬೇಲಿ ಹಾಕಿ, ಗೇಟಿನಲ್ಲಿ ಕಾವಲಿನವನನ್ನು ನಿಲ್ಲಿಸಿ, ಯಾರಮ್ಮ ನೀನು ಎಂದು ಕೇಳಿದರೆ ಗಂಡನ ಪಕ್ಕಕ್ಕೆ ಹೇಗೆ ಬರುವುದು ಎಂಬುದೊಂದೇ. ಆಚೆ ದ್ವೀಪದಲ್ಲಿ ಹಾಗಾದದ್ದನ್ನು ಕಂಡಿದ್ದಳು. ಅಲ್ಲಿನ ಜನ ತಮ್ಮ ತಂದೆ ತಾಯಿಗೆ ಹೂವಿಡಲು ಚೀಟಿ ತೋರಿಸಿ ಒಳಗೆ ಹೋಗಬೇಕಾಗಿತ್ತು. "ದೇವರೇ, ಒಂದು ಹೆಸರು ಕೊಡು" ಎಂದು ಬೇಡುವಳು. ಹೆಸರು ಸಿಕ್ಕಿದರೆ ಅರ್ಧ ಜಮೀನು ಕಾಣದವರ ಕೈಗೆ ಹೋಗಬಹುದೆಂದು ಅವಳಿಗೆ ತಿಳಿಯದೆ ಇರಲಿಲ್ಲ. ಆದರೂ ಬೇಡುವಳು. ಆಣೆ ಮಾಡಿ ಉಳಿಸಿಕೊಂಡ ನೆಲದಲ್ಲಿ ಇಶ್ಮಾಯೇಲನ ಪಕ್ಕ ಮಲಗಿದರೆ ಅವನು ಮಗ್ಗುಲು ಬದಲಿಸಿಯಾನು ಎನ್ನಿಸುತ್ತಿತ್ತು.

ಅಕ್ಟೋಬರ್ ಕೊನೆಯ ಭಾನುವಾರ ರೇನಾರ್ಡ್ ಬಂದ. ವರ್ಡೆಲ್‌ಳನ್ನೂ ಊಟಕ್ಕೆ ಕರೆದಿದ್ದರು. ಇಶ್ಮಾಯೇಲ್ ಸತ್ತ ಮೇಲೆ ಮೊದಲ ಸಲ ಓಕ್ ಮರದ ಕೆಳಗೆ ಮೇಜು ಹಾಕಿದರು. ಕೂಟಾ ಟೊಮೇಟೊ ಹಾಕಿ ಕೆಂಪನ್ನ ಮಾಡಿದ್ದಳು, ಡ್ಯಾಂಡಿ ಒಂದು ಬುಟ್ಟಿ ಏಡಿ ತಂದಿದ್ದ. ತಿನ್ನುತ್ತ ತಿನ್ನುತ್ತ ಎಲ್ಲರೂ ಸುಮ್ಮನಾದರು. ಆ ಹೊತ್ತಿಗೆ ಸರಿಯಾಗಿ ಒಂದು ದನಿ ಏಳಬೇಕಾಗಿತ್ತು, ಏಳಲಿಲ್ಲ.

ರೇನಾರ್ಡ್ ಮೆಲ್ಲಗೆ, "ಅತ್ತೆ, ಆಮೆ ಕತೆ ನೀವೇ ಹೇಳಿ. ಈ ವಕೀಲಮ್ಮ ಒಬ್ಬಳೇ ಕೇಳದೆ ಇರೋಳು" ಎಂದ.

ಕೂಟಾ ಮೊದಲು ಒಲ್ಲೆನೆಂದಳು. ಆಮೇಲೆ ಬೆರಳು ಒರೆಸಿಕೊಂಡು, ಗಂಡ ಹೇಳುತ್ತಿದ್ದ ಮಾತುಗಳನ್ನೇ ಒಂದೊಂದಾಗಿ ಎತ್ತಿಕೊಂಡಳು. ಇಳಿಯುವ ನೀರು, ಬಿಳಿಯ ಬಟ್ಟೆ, ಹೊಸ ಜೋಡು, ನೆಲಕ್ಕೆ ಇಡಬೇಡ ಎಂದ ಅತ್ತೆ. ಬೋಧಕರು ಕೈಯೆತ್ತಿದರು. ನಾನು ಜೋಡು ಹಿಡಿದುಕೊಂಡು ನೀರಿಗೆ ನಡೆದೆ ಎನ್ನುವಲ್ಲಿಗೆ ಬಂದಳು.

"ಯಾಕೆ?" ಎಂದಳು ವರ್ಡೆಲ್. ಹೊಸಬಳಾದ್ದರಿಂದ ಅಲ್ಲಿ ನಗಬೇಕೆಂದು ಅವಳಿಗೆ ಗೊತ್ತಿರಲಿಲ್ಲ.

"ನೀರು ಕಂಡ ಆಮೆ..." ಎಂದು ಕೂಟಾ ಬಾಯಿ ತೆರೆದಳು. ಗಂಡನ ಹಾಗೆ ಕುತ್ತಿಗೆ ಚಾಚಲು ಹೋಗಿ ನಿಂತಳು. ಆ ಮಾತು ಅವಳ ಬಾಯಿಂದ ಬರಲಿಲ್ಲ. ಯಾಕೆಂದರೆ ಅದು ಹಾಗಲ್ಲ. ನೀರೆಂದರೆ ಅವಳಿಗೆ ಆಗ ಹೆದರಿಕೆ. ಕಾಲ ಕೆಳಗೆ ಕೆಸರು ತಣ್ಣಗೆ ಜಾರುತ್ತಿತ್ತು, ನೀರು ಮೊಣಕಾಲಿಗೆ, ಆಮೇಲೆ ಹೊಟ್ಟೆಗೆ ಬಂತು. ಆದರೂ ಹೋಗಲೇಬೇಕಾಗಿತ್ತು. ಹಿಂದಿನಿಂದ ತಾಯಿ ಬಂದು ರಟ್ಟೆ ಹಿಡಿದು ಎಳೆದಳು, ಬೆನ್ನಿಗೆ ಎರಡು ಬಿಟ್ಟಳು. ಯಾಕೆ ಹೋದೆ ಎಂದು ಕೇಳಿದಳು. ತಾನು ಅಳುತ್ತ ಹೇಳಿದ್ದು, ತಾಯಿ ಅದಕ್ಕೆ ಅಂದದ್ದು, ಎರಡೂ ಈಗ ಆ ಕೆಸರಿನ ವಾಸನೆಯೊಡನೆ ಎದ್ದು ಬಂದವು.

ಆ ತಿಂಗಳೇ ಅವಳು ಶಾಲೆಗೆ ಸೇರಿದ್ದಳು. ಟೀಚರಮ್ಮ ಮೊದಲ ದಿನವೇ ಕಲಿಸಿದ್ದರು: ನಿನ್ನ ಬರಹದ ಹೆಸರು ಇದು, ಇದನ್ನು ಕೂಗಿದ ಕೂಡಲೇ ಎದ್ದು ಮುಂದೆ ಬರಬೇಕು, ಆ ಕಡೆ ಈ ಕಡೆ ನೋಡಬಾರದು.

ಕೂಟಾ ತಲೆಯೆತ್ತಿದಳು. ಎದುರಿಗಿದ್ದ ಡ್ಯಾಂಡಿಗೆ ಏನೋ ಹೊಳೆದಿರಬೇಕು. ಮೇಜಿನ ಕೆಳಗೆ ಅವಳ ಕಾಲನ್ನು ಮೆಲ್ಲಗೆ ತುಳಿದ. ಅವನ ಕಣ್ಣು ಬೇಡ ಎನ್ನುತ್ತಿತ್ತು. ಅವಳು ಅವನನ್ನೇ ನೋಡಿದಳು, ಆಮೇಲೆ ಮರಗಳಾಚೆ ಹೊಳೆಯ ಅಂಚಿನಲ್ಲಿ ಮಿನುಗುತ್ತಿದ್ದ ಕನ್ನಡಕದ ಗಾಜನ್ನು ನೋಡಿದಳು. ಗಂಡ ಅಷ್ಟು ವರ್ಷ ಹೇಳಿದ್ದನ್ನು ಅವನು ಇಲ್ಲದಾಗ ತಪ್ಪೆನ್ನಬೇಕಾಗಿ ಬಂದಿತ್ತು.

"ಇಶ್ಮಾಯೇಲ್ ಹೇಳ್ತಿದ್ದ ಹಾಗಲ್ಲಮ್ಮ ಆದದ್ದು" ಎಂದಳು. "ಬೋಧಕರು ಹೆಸರು ಕೂಗಿದ್ರು. ನನ್ನ ಹೆಸರು. ಅದಕ್ಕೇ ನಾನು ಎದ್ದು ಹೋದೆ. ಅಮ್ಮ ಹೊಡೆದು, ಕರೆದದ್ದು ನಿನ್ನನ್ನಲ್ಲ ಕಣೇ, ಅವಳನ್ನ ಅಂದ್ಲು."

ವರ್ಡೆಲ್ ಚೀಲದಿಂದ ಪೆನ್ನು ತೆಗೆದಳು.

"ಥಿಯೋಡೋಶಾ ಚಿಸಮ್" ಎಂದಳು ಕೂಟಾ, ತವರಿನ ಮನೆತನದ ಹೆಸರನ್ನೂ ಸೇರಿಸಿ. ಈ ಸಲ ಕಿಟಕಿಯೂ ಇರಲಿಲ್ಲ, ದನಿಯನ್ನೂ ತಗ್ಗಿಸಲಿಲ್ಲ. "ಅತ್ತೆ ಹೆಸರನ್ನೇ ನನಗಿಟ್ಟಿದ್ದಾರೆ. ಇಷ್ಟು ವರ್ಷ ನಾನೇ ಹೊತ್ಕೊಂಡು ತಿರುಗ್ತಿದ್ದೆ."

ಡ್ಯಾಂಡಿ ಏಡಿಯ ಕೊಂಡಿಯೊಂದನ್ನು ಜೋರಾಗಿ ಮುರಿದ. "ಅರ್ಧ ಜಮೀನು, ಅಕ್ಕ" ಎಂದಷ್ಟೇ ಹೇಳಿದ.

"ಅದು ಅವಳದೇ ಇತ್ತಲ್ಲೋ" ಎಂದಳು ಕೂಟಾ.

ಹೆಸರು ಸಿಕ್ಕ ಮೇಲೆ ಆಳು ಸಿಗುವುದು ತಡವಾಗಲಿಲ್ಲ. ಬಿಡ್ಡಿ ಫಿಲಡೆಲ್ಫಿಯಾದಲ್ಲಿ ಮದುವೆಯಾಗಿ, ಆಸ್ಪತ್ರೆಯೊಂದರಲ್ಲಿ ಅಡುಗೆಯವಳಾಗಿ ದುಡಿದು, ಹನ್ನೆರಡು ವರ್ಷದ ಹಿಂದೆಯೇ ತೀರಿಕೊಂಡಿದ್ದಳು. ಒಬ್ಬಳೇ ಮಗಳು, ಅರ್ನೆಸ್ಟೀನ್. ಊರ ಬಸ್ಸು ಓಡಿಸಿ ನಿವೃತ್ತಳಾದವಳು. ಫೋನ್ ನಂಬರು ಕೊಟ್ಟು ವರ್ಡೆಲ್, ಮೊದಲು ನೀವೇ ಮಾತಾಡಿ, ವಕೀಲರ ದನಿ ಕೇಳಿದರೆ ಜನ ಬಾಗಿಲು ಹಾಕಿಕೊಳ್ಳುತ್ತಾರೆ ಎಂದಳು.

ಕೂಟಾ ಪ್ರಾರ್ಥನೆ ಮಾಡಿ ಫೋನು ಹಚ್ಚಿದಳು. ಆ ಕಡೆಯ ದನಿ ಒರಟಾಗಿತ್ತು. ಏನಾದರೂ ಮಾರುವುದಿದ್ದರೆ ಬೇಡ ಎಂದಿತು.

"ಮಾರೋದಲ್ಲಮ್ಮ, ಮಾರದೆ ಇರೋ ವಿಷಯ" ಎಂದಳು ಕೂಟಾ.

"ಯಾರು ನೀವು?"

"ಥಿಯೋಡೋಶಾ."

ಆ ದನಿ ತಟ್ಟನೆ ತಗ್ಗಿ, "ಅದು ನಮ್ಮಮ್ಮನ ಹೆಸರು" ಎಂದಿತು. ಮತ್ತೆ ಕೇಳಿತು, "ನೀವು ಆ ಆಮೆಯೇನು?"

ಕೂಟಾ ಹೌದೆಂದಳು. ಅಷ್ಟು ದೂರದ ಊರಿನಲ್ಲಿ, ಕಲ್ಲು ಕಟ್ಟಡಗಳ ನಡುವೆ, ಬಿಡ್ಡಿ ಅತ್ತೆಯೂ ಅದೇ ಕತೆ ಹೇಳುತ್ತಿದ್ದಳಂತೆ. ಅವಳ ಕತೆಯಲ್ಲಿ ಆಮೆ ನೀರಿಗಿಳಿದದ್ದು ನಗುವ ಮಾತಲ್ಲ. ಬಿಳಿಯ ಜೋಡು ಉಪ್ಪುನೀರು ಕುಡಿದು ಸೆಟೆದುಹೋಯಿತು. ರೈಲು ಹತ್ತುವಾಗ ಅದನ್ನೇ ಮೆಟ್ಟಿಕೊಂಡಿದ್ದಳು, ದಾರಿಯುದ್ದಕ್ಕೂ ಕಾಲು ಕಚ್ಚಿತು. ನನ್ನ ಹೆಸರಿನವಳೊಬ್ಬಳು ಅಲ್ಲಿದ್ದಾಳೆ, ನಾನು ಇಲ್ಲಿ ಸತ್ತರೂ ಹೆಸರು ಅಲ್ಲೇ ಇರುತ್ತದೆ, ಒಂದು ದಿನ ಹೋಗಿ ಅವಳ ಕಿವಿ ಹಿಂಡಿ ಬರುತ್ತೇನೆ ಎನ್ನುತ್ತಿದ್ದಳಂತೆ. ಯಾಕೆ ಹೋಗಲಿಲ್ಲ ಎಂದು ಕೂಟಾ ಕೇಳಲಿಲ್ಲ. ಇಬ್ಬರೂ ಫೋನು ಹಿಡಿದುಕೊಂಡು ಅತ್ತರು, ಆಮೇಲೆ ಯಾರು ಮೊದಲೋ, ನಕ್ಕರು. ಅದಾದ ಮೇಲೆ ಕೂಟಾ ಜಮೀನಿನ ಮಾತನ್ನು ಇದ್ದದ್ದು ಇದ್ದ ಹಾಗೆ ಹೇಳಿದಳು. ಅರ್ಧ ನಿನ್ನದು, ಮಾರಿಕೊಂಡರೆ ತಡೆಯುವ ಹಕ್ಕು ನನಗಿಲ್ಲ ಎಂಬುದನ್ನೂ ಬಿಡದೆ ಹೇಳಿದಳು. ಅರ್ನೆಸ್ಟೀನ್ ಆಗದು ಎನ್ನಲಿಲ್ಲ, ಆಗಲಿ ಎಂದೂ ಎನ್ನಲಿಲ್ಲ. ಬಂದು ನೋಡುತ್ತೇನೆ ಎಂದಳು.

ಡಿಸೆಂಬರಿನಲ್ಲಿ ಬಂದಳು. ಎತ್ತರದ, ಗಟ್ಟಿ ಹೆಂಗಸು. ಬಸ್ಸಿನ ಮೆಟ್ಟಿಲಿನಿಂದ ಇಳಿದವಳು ಕೂಟಾಳನ್ನು ಅಪ್ಪಿಕೊಂಡು, ಮೊದಲು ಮಾಡಿದ ಕೆಲಸ ಅವಳ ಕಿವಿ ಹಿಂಡಿದ್ದು. ಮರುದಿನ ಹೊಲ, ಬೇಲಿ, ತನ್ನ ಅಜ್ಜ ಅಜ್ಜಿಯ ಸಮಾಧಿ ಎಲ್ಲ ನೋಡಿದಳು. ಡ್ಯಾಂಡಿ ಹಿಂದೆಯೇ ಸುತ್ತುತ್ತ ಪ್ರತಿಯೊಂದು ಬೇಲಿ ಕಂಬದ ಖರ್ಚನ್ನೂ ಹೇಳಿದ. ಅವಳು ಎಲ್ಲ ಕೇಳಿಸಿಕೊಂಡು, "ಡ್ಯಾಂಡಿ ಅಣ್ಣ, ನಮ್ಮಮ್ಮನ ಪಾಲನ್ನೂ ಇಷ್ಟು ದಿನ ಕಾದು ಇಟ್ಟಿದೀರ. ನಿಮ್ಮ ಋಣ ದೊಡ್ಡದು" ಎಂದಳು. ಅವನು ಬಲೆ ಎತ್ತಿಕೊಂಡು ಸೀಗಡಿ ತರಲು ಹೋದ. ರಾತ್ರಿ ಊಟದ ಮುಂದೆ ಅವಳು ಸಹಿ ಹಾಕುತ್ತೇನೆಂದಳು. ಟ್ರಸ್ಟಿನ ಹೆಸರಿನಲ್ಲಿ ಅಮ್ಮನ ಹೆಸರು ಇರಬೇಕು, ತಾನು ಸತ್ತ ಮೇಲೆ ತನಗೂ ಮರದ ಕೆಳಗೆ ಜಾಗ ಬೇಕು, ಅಷ್ಟೇ ಎಂದಳು.

ಪಟ್ಟಣದ ಕಚೇರಿಯಲ್ಲಿ ರೇನಾರ್ಡ್ ಮಾತು ಕೊಟ್ಟಂತೆ ಮೊದಲ ಸಹಿ ಹಾಕಿದ. ಕೂಟಾಗೆ ಅಂದು ಎರಡು ಕೆಲಸ. ಟ್ರಸ್ಟಿನ ಸಹಿ ಒಂದು. ತನ್ನ ಮನೆಗೆ ಉಯಿಲು, ಕೈಕಾಲು ಆಡದಾದರೆ ತನ್ನ ಪರವಾಗಿ ಯಾರು ಮಾತಾಡಬೇಕು ಎಂಬ ಪತ್ರ ಇನ್ನೊಂದು. ಪೆನ್ನು ಹಿಡಿದು ತುಸು ಹೊತ್ತು ಕುಳಿತಳು. ಪೂರ್ತಿ ಹೆಸರನ್ನು ಅವಳು ಬರೆದದ್ದು ಜೀವಮಾನದಲ್ಲಿ ಎಷ್ಟು ಸಲವೋ.

"ಬರೆದ್ಬಿಟ್ರೆ ಸಾವಿಗೆ ಹೆಸರು ಗೊತ್ತಾಗಿಹೋಗುತ್ತೆ, ಅಕ್ಕ" ಎಂದು ಡ್ಯಾಂಡಿ ಕಿವಿಯಲ್ಲಿ ಪಿಸುಗುಟ್ಟಿದ. ತಮಾಷೆಯೇ ಆದರೂ ಪೂರ್ತಿ ತಮಾಷೆಯಾಗಿರಲಿಲ್ಲ.

"ಗೊತ್ತಾಗಲಿ ಬಿಡೋ. ನಮ್ಮನೆಗೆ ಬಂದು ಹೋಗಿದೆ, ದಾರಿ ಅಂತೂ ಗೊತ್ತು" ಎಂದು ಅವಳು ಬರೆದಳು. ಅಕ್ಷರಗಳು ಆಮೆಯಷ್ಟೇ ನಿಧಾನವಾಗಿ ಬಂದವು.

ಹಿಂದಿರುಗುವಾಗ ನೀರು ಇಳಿಯುತ್ತಿತ್ತು. ಅರ್ನೆಸ್ಟೀನ್ ಆ ದಡ ಎಲ್ಲಿ ಎಂದು ಕೇಳಿದಳು. ಕೂಟಾ ತೋರಿಸಿದಳು. ಚಳಿಯಿತ್ತು, ಆದರೂ ಅವಳು ದಡದಲ್ಲಿ ಕುಳಿತು ಷೂಗಳ ದಾರ ಬಿಚ್ಚಿದಳು. ಬಿಳಿಯವೇ. ಬಸ್ಸಿನ ಕೆಲಸದಲ್ಲಿ ಕಾಲು ಊದುತ್ತಿದ್ದುದರಿಂದ ಆ ತರಹದ್ದೇ ರೂಢಿಯಂತೆ. ಎರಡನ್ನೂ ಜೋಡಿಸಿ ಕೂಟಾಳ ಕೈಗೆ ಕೊಟ್ಟಳು.

"ಹಿಡ್ಕೊಳ್ಳಿ ಅಕ್ಕ. ಈ ಸಲ ನೆನೆಸ್ಬೇಡಿ."

ಕೂಟಾ ಅವನ್ನು ಎದೆಗೆ ಅವಚಿಕೊಂಡು ನಿಂತಳು. ಅರ್ನೆಸ್ಟೀನ್ ಒಂದೊಂದೇ ಹೆಜ್ಜೆ ನೀರಿಗಿಳಿದು, ತಾಯಿ ನಿಂತಿದ್ದ ಕಡೆ ನಿಂತು, ಕಡಲಿನ ಕಡೆ ಮುಖ ಮಾಡಿದಳು. ಓಕ್ ಮರಗಳ ಕೆಳಗಿಂದ ಗಾಳಿ ಬಂತು. ಇಶ್ಮಾಯೇಲನ ಬಟ್ಟಲು ಅಲ್ಲೇ ಇತ್ತು, ಪಕ್ಕದ ಜಾಗವೂ ಅಲ್ಲೇ ಇತ್ತು.

ಹಿಂದಿನಿಂದ ಡ್ಯಾಂಡಿ, ಬೋಧಕರ ದನಿಯನ್ನು ಅಣಕಿಸುತ್ತ, ಹೊಳೆಗೆಲ್ಲ ಕೇಳುವಂತೆ ಕೂಗಿದ: "ಥಿಯೋಡೋಶಾ..."

ನೀರಿನಲ್ಲಿದ್ದವಳು ತಿರುಗಿ ನೋಡಿದಳು. ದಡದಲ್ಲಿದ್ದವಳ ಕಾಲು ತಾನಾಗಿಯೇ ಒಂದು ಹೆಜ್ಜೆ ಮುಂದಕ್ಕೆ ಹೋಗಿ, ನೀರಿನ ಅಂಚಿನಲ್ಲಿ ನಿಂತಿತು. ಡ್ಯಾಂಡಿ ನಗುತ್ತ ಮರಕ್ಕೆ ಒರಗಿದ. ಕೂಟಾ ಷೂಗಳನ್ನು ಇನ್ನೂ ಮೇಲಕ್ಕೆತ್ತಿ ಹಿಡಿದುಕೊಂಡು, ಅವನ ಕಡೆ ತಿರುಗದೆಯೇ ಹೇಳಿದಳು.

"ಭಾನುವಾರಕ್ಕೆ ಏಡಿ ಹಿಡ್ಕೊಂಡು ಬಾರೋ. ಕತೆ ನಾನೇ ಹೇಳ್ತೀನಿ."